ಕೆರಿಯಪ್ಪನ ದೋಣಿ, ಶೇಷಮ್ಮನ ಗದ್ದೆ

ಹೊಸನಗರದಲ್ಲಿ ಬಸ್ಸುಗಳು ನಿಲ್ಲುವ ಜಾಗದಿಂದ ನಾಲ್ಕು ಮೆಟ್ಟಿಲು ಕೆಳಗಿಳಿದರೆ ಕೆರಿಯಪ್ಪನ ಅಂಗಡಿ ಸಿಗುತ್ತಿತ್ತು. ಅದಕ್ಕೆ ಹೆಸರಿನ ಹಲಗೆ ಇರಲಿಲ್ಲ. ಬಾಗಿಲ ಪಕ್ಕದಲ್ಲಿ ಸಾಲಾಗಿ ಕುಳಿತ ಲಾರಿ ಬ್ಯಾಟರಿಗಳನ್ನು ನೋಡಿಯೇ ಜನ ಗುರುತು ಹಿಡಿಯುತ್ತಿದ್ದರು. ಒಳಗೆ ಕಾಲಿಟ್ಟರೆ ಆಸಿಡ್ಡಿನ ಘಾಟು. ಅವನ ಪಂಚೆಗಳಲ್ಲಿ ಆಸಿಡ್ಡು ತಿಂದ ತೂತಿಲ್ಲದ್ದು ಒಂದೂ ಇರಲಿಲ್ಲ. "ಇದನ್ನ ಒಗೆದು ಒಣಗಿಸೋ ಬದ್ಲು ಹಿಟ್ಟು ಜರಡಿ ಹಿಡಿಯಬಹುದು" ಎಂದು ಹೆಂಡತಿ ಹೂವಮ್ಮ ನಗೆಯಾಡುತ್ತಿದ್ದಳು. ಅರಳಸುರಳಿ ಕಡೆಯ ಹೆಣ್ಣು. ಮಾತು ಸ್ವಲ್ಪ ಚುರುಕು.

ಕೆರಿಯಪ್ಪ ಕೆಲಸ ಕಲಿತದ್ದು ಲಿಂಗನಮಕ್ಕಿಯಲ್ಲಿ, ಅಣೆಕಟ್ಟು ಕಟ್ಟುವಾಗ ಅಲ್ಲಿದ್ದ ವರ್ಕ್‌ಷಾಪಿನಲ್ಲಿ. ಎಲೆಕ್ಟ್ರಿಕಲ್ ಮೇಸ್ತ್ರಿಯ ಕೈಕೆಳಗೆ ವಯರು ಹಿಡಿಯುವವನಾಗಿ ಸೇರಿ, ಕೊನೆಗೆ ಡೈನಮೊ ಬಿಚ್ಚಿ ಜೋಡಿಸುವವನಾದ. ಅವನ ಸಲಕರಣೆಗಳಲ್ಲಿ ಮುಖ್ಯವಾದದ್ದು, ಎರಡು ತುಂಡು ವಯರಿಗೆ ಕಟ್ಟಿದ ಒಂದು ಪುಟ್ಟ ಬಲ್ಬು. ಗಾಡಿ ಏಕೆ ನಿಂತಿತೆಂದು ಯಾರು ಎಷ್ಟು ಹೇಳಿದರೂ ಅವನು ಹೂಂಗುಟ್ಟುತ್ತಿದ್ದ, ನಂಬುತ್ತಿರಲಿಲ್ಲ. ಬ್ಯಾಟರಿಯಿಂದ ಹಿಡಿದು ಒಂದೊಂದೇ ಗಂಟಿಗೆ ಆ ಬಲ್ಬನ್ನು ತಾಗಿಸುತ್ತ ಹೋಗುತ್ತಿದ್ದ. ಎಲ್ಲಿ ಅದು ಉರಿಯದೆ ನಿಲ್ಲುತ್ತದೋ ಅಲ್ಲಿ ತಪ್ಪು.

ಅವನು ಕಟ್ಟೆಯ ಕೆಲಸಕ್ಕೆ ಕೈ ಹಚ್ಚಿದ್ದ ಕಾಲದಲ್ಲಿಯೇ ಅದರ ಹಿನ್ನೀರಿನಲ್ಲಿ ಅವನ ಊರು ಮುಳುಗಿತು. ಹಾರೆಕೊಪ್ಪವೆಂಬ ಒಂಬತ್ತು ಮನೆಯ ಊರು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅಕ್ಕ ಶೇಷಮ್ಮ. ಅವಳಿಗೆ ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ತಿರುಗಿ ತವರಿಗೆ ಬಂದು, ಅಡ್ಡಗದ್ದೆ ಎಂದು ಕರೆಯುತ್ತಿದ್ದ ಗೇಣಿಯ ಗದ್ದೆಯನ್ನು ತಾನೇ ನಿಂತು ಮಾಡಿಸಿದ್ದಳು. ನಟ್ಟಿಯಿಂದ ಕೊಯ್ಲಿನ ತನಕ ಅವಳ ಕಾಲು ಇಳಿಯದ ಮಡಿ ಅಲ್ಲಿ ಇರಲಿಲ್ಲ. ಗದ್ದೆ ಒಡೆಯರದ್ದಾದ್ದರಿಂದ ಇವರ ಹೆಸರಿನಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಊರು ಮುಳುಗಿದ ಮೇಲೆ ಅವಳು ತಮ್ಮನ ಜೊತೆಗೇ ಇದ್ದಳು. ಕೆರಿಯಪ್ಪ ಹದಿನಾಲ್ಕಕ್ಕೇ ಸಾಗರಕ್ಕೆ ದುಡಿಯಲು ಹೋದವನು. ಮನೆಯ ಜಗಲಿ ಅವನ ನೆನಪಿನಲ್ಲಿತ್ತು. ಗದ್ದೆ ಅಷ್ಟಾಗಿ ಇರಲಿಲ್ಲ.

ಅವರ ಕುಲದಲ್ಲಿ ಆಶ್ವಯುಜದ ಹುಣ್ಣಿಮೆ ದೊಡ್ಡ ಹಬ್ಬ. ಆಗ ಭತ್ತ ಹೊಡೆಯಾಗಿ, ತೆನೆ ಇನ್ನೂ ಗರಿಯೊಳಗೇ ಇರುತ್ತದೆ, ಭೂಮಿ ಬಸುರಿ. ಬಸುರಿಗೆ ಬಯಕೆಯ ಊಟ ಹಾಕಬೇಕು. ಹೆಂಗಸರು ವಾರ ಮೊದಲೇ ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಿಂದ ಗೆರೆಯ ಚಿತ್ತಾರ ಬರೆಯುತ್ತಾರೆ. ಹಬ್ಬದ ಬೆಳಗ್ಗೆ, ಸೂರ್ಯ ಹುಟ್ಟುವ ಮೊದಲು, ಬಗೆಬಗೆಯ ಸೊಪ್ಪಿನ ಕುಡಿಗಳನ್ನು ಬೇಯಿಸಿ ಅನ್ನಕ್ಕೆ ಕಲಸಿದ ಚರಗವನ್ನು ಆ ಬುಟ್ಟಿಯಲ್ಲಿ ಒಯ್ದು ತಾವು ಮಾಡುವ ಗದ್ದೆಗೆ ಬೀರುತ್ತಾರೆ.

ಶೇಷಮ್ಮನ ಗದ್ದೆ ನೀರಿನಡಿ ಇತ್ತು. ಆದರೂ ಅವಳು ಒಂದು ವರ್ಷವೂ ಬಿಡಲಿಲ್ಲ. ದುಗ್ಗಪ್ಪನೆಂಬ ಊರಿನವನೇ ಒಬ್ಬ ಮುದುಕ, ದೋಣಿ ಹುಟ್ಟು ಹಾಕುವವನು, ಹಿಂದಿನ ಸಂಜೆಯೇ ಅವಳನ್ನು ಹತ್ತಿರದ ನಡುಗಡ್ಡೆಯೊಂದಕ್ಕೆ ಮುಟ್ಟಿಸಿ, ಬೆಳಕು ಹರಿಯುವ ಮೊದಲು ಗದ್ದೆಯ ಮೇಲಿನ ನೀರಿಗೆ ಕರೆದೊಯ್ಯುತ್ತಿದ್ದ. ನೀರಿನ ಮೇಲೆ ಗದ್ದೆ ಎಲ್ಲಿದೆಯೆಂದು ಅವರಿಬ್ಬರಿಗೆ ಗೊತ್ತಿತ್ತು. ಯಾವ ಎರಡು ಗುಡ್ಡಗಳ ನೆತ್ತಿ ಒಂದರ ಹಿಂದೆ ಒಂದು ಬರಬೇಕು, ಯಾವ ಒಣಮರದ ಬೊಡ್ಡೆ ಎಡಗೈಗಿರಬೇಕು ಎಂಬ ಲೆಕ್ಕ. ಎಂಬತ್ತೆರಡನೆಯ ಇಸವಿಯಲ್ಲಿ ದುಗ್ಗಪ್ಪ ತೀರಿಕೊಂಡ. ಶೇಷಮ್ಮನಿಗೂ ಉಬ್ಬಸ ಹತ್ತಿತ್ತು. ನಡುಗಡ್ಡೆಯ ಇಬ್ಬನಿಯಲ್ಲಿ ರಾತ್ರಿ ಕಳೆಯುವುದಾಗುತ್ತಿರಲಿಲ್ಲ. ಮೂರು ವರ್ಷ ಅವಳು ದಂಡೆಯಲ್ಲಿ ನಿಂತೇ ಚರಗ ಹಾಕಿದಳು.

"ಬಾಗಿಲಲ್ಲಿ ನಿಂತು ಊಟ ಒಳಗೆ ಎಸೆದಂಗೆ ಆಗ್ತದೆ ತಮ್ಮಾ" ಎಂದಳು ಮೂರನೆಯ ವರ್ಷ. "ನಂಗೆ ಇನ್ನೆಷ್ಟು ಹುಣ್ಣಿಮೆ ಉಂಟೋ. ಒಂದ್ಸಲ ನಿನ್ನ ಕರ್ಕೊಂಡು ಹೋಗಿ ಜಾಗ ತೋರಿಸಿಬಿಟ್ರೆ ನನ್ನ ಕೆಲಸ ಆತು. ಆಮೇಲೆ ನೀನು, ಹೂವಿ ನೋಡ್ಕಳ್ಳಿ."

ಈ ಮಾತು ಕೆರಿಯಪ್ಪನ ಮನಸ್ಸಿನಲ್ಲಿ ನಿಂತಿತು.

ಎಂಬತ್ತೈದರ ಯುಗಾದಿ ಕಳೆದ ಮೇಲೆ ಸಾಗರದ ನಾರಾಯಣಮೂರ್ತಿಯವರ ಹೊಸ ಅಕ್ಕಿ ಗಿರಣಿಗೆ ಅವನು ವಯರಿಂಗ್ ಮಾಡಿಕೊಟ್ಟ. ಗಿರಣಿಯ ಹಿಂದಿನ ಮಾಡಿನಲ್ಲಿ ಟಾರ್ಪಾಲು ಹೊದ್ದು ಒಂದು ಮೋಟಾರು ದೋಣಿ ಬಿದ್ದಿತ್ತು. ಇಬ್ಬರು ಕೂರುವಂಥ ಪುಟ್ಟ ಫೈಬರಿನ ದೋಣಿ; ಹಿಂದೆ ಎಂಜಿನ್ನು, ಮುಂದೆ ಕಾರಿನಂತೆ ಕೀಲಿ. ಯಾವುದೋ ಕಾಲದ ಸಾಹೇಬರೊಬ್ಬರು ಹಿನ್ನೀರಿನಲ್ಲಿ ಗಾಳಿ ತಿನ್ನಲು ತರಿಸಿದ್ದು, ಮೂರು ಕೈ ದಾಟಿ ಇಲ್ಲಿಗೆ ಬಂದಿತ್ತು. ಇದಾದರೆ ನಡುಗಡ್ಡೆಯಲ್ಲಿ ರಾತ್ರಿ ಕಳೆಯದೆ ಮುಂಜಾವಿಗೇ ಗದ್ದೆ ಮುಟ್ಟಬಹುದೆಂದು ಕೆರಿಯಪ್ಪನಿಗೆ ಹೊಳೆಯಿತು.

"ಬೇಕಾದ್ರೆ ತಗಂಡು ಹೋಗು ಮಾರಾಯ" ಎಂದರು ನಾರಾಯಣಮೂರ್ತಿ. "ನಮ್ಮನೆ ಕೋಳಿ ಮೊಟ್ಟೆ ಇಡೋದು ಬಿಟ್ರೆ ಅದರಲ್ಲಿ ಮತ್ತೆ ಯಾರೂ ಕೂತಿಲ್ಲ."

ಲಾರಿಯ ಮೇಲೆ ಬಂದಿಳಿದ ದೋಣಿಯನ್ನು ನೋಡಲು ಮೊದಲು ಬಂದವನು ಪಕ್ಕದ ಮನೆಯ ಧರ್ಮಪ್ಪ. ಅವನು ಹಿನ್ನೀರಿನಲ್ಲಿ ಬಲೆ ಹಾಕುವವನು. ದೋಣಿಗೆ ಒಂದು ಸುತ್ತು ಬಂದು, "ಕೆರಿಯಪ್ಪಣ್ಣ, ಇದೆಂತ ದೋಣಿಯೋ, ಸಾಹೇಬ್ರು ಬಿಟ್ಟೋದ ಬೂಟೋ?" ಎಂದ.

"ಬೂಟೇ ಅಂತ ತಿಳ್ಕ. ಓಡ್ತದೆ ನೋಡು."

"ನಿಂತ್ರೆ ಹೇಳು. ನನ್ನ ದೋಣಿಗೆ ಕೀಲಿ ಬೇಕಾಗಲ್ಲ, ತೋಳಿದ್ರೆ ಸಾಕು."

ಎಂಜಿನ್ನಿನ ತಲೆಯ ಮೇಲೆ ಹಗ್ಗ ಸುತ್ತಿ ಎಳೆಯುವ ಗಾಲಿಯೊಂದು ಇರಬೇಕಾಗಿತ್ತು. ಅದು ಎಂದೋ ಮುರಿದು ಕಳೆದುಹೋಗಿತ್ತು. ಅಂಥದ್ದು ಇನ್ನು ಯಾವ ಪೇಟೆಯಲ್ಲೂ ಸಿಗುವುದಿಲ್ಲ. ಆದ್ದರಿಂದ ಈ ದೋಣಿ ಹೊರಡಬೇಕಾದರೆ ಬ್ಯಾಟರಿಯೇ ಗತಿ: ಕೀಲಿ ತಿರುವಬೇಕು, ಎಂಜಿನ್ನನ್ನು ಎಬ್ಬಿಸುವ ಪುಟ್ಟ ಮೋಟಾರು, ಸೆಲ್ಫು, ಸುತ್ತಬೇಕು.

ಕೆರಿಯಪ್ಪ ಎರಡು ಹೊಸ ಬ್ಯಾಟರಿ ತಂದ. ಒಂದು ದೋಣಿಗೆ, ಒಂದು ಹೆಚ್ಚಿನದಕ್ಕೆ. ಬ್ಯಾಟರಿಗೆ ಆಸಿಡ್ಡು ಹದ ಮಾಡಲು ಶುದ್ಧ ನೀರು ಬೇಕು. ಮಲೆನಾಡಿನಲ್ಲಿ ಅದಕ್ಕೆ ಪೇಟೆಗೆ ಹೋಗುವವರಾರು? ಆಕಾಶದಿಂದ ಬಿದ್ದದ್ದನ್ನು ಹಿಡಿದರಾಯಿತು. ಅಂಗಳದ ನಡುವೆ ನಾಲ್ಕು ಗೂಟಕ್ಕೆ ಬಿಳಿಯ ಬಟ್ಟೆ ಕಟ್ಟಿ, ಮಧ್ಯದಲ್ಲಿ ಒಂದು ಕಲ್ಲಿಟ್ಟು, ಅದರಡಿ ಉಪ್ಪಿನಕಾಯಿಯ ಪಿಂಗಾಣಿ ಭರಣಿ ಇಟ್ಟು ಶೇಷಮ್ಮ ಪ್ರತಿ ಆಷಾಢದಲ್ಲಿ ತಮ್ಮನಿಗೆ ವರ್ಷಕ್ಕಾಗುವಷ್ಟು ನೀರು ಹಿಡಿದು, ಸೀಸೆಗಳಲ್ಲಿ ತುಂಬಿಕೊಡುತ್ತಿದ್ದಳು. ಆ ವರ್ಷವೂ ಕೊಟ್ಟಳು. ಅವುಗಳಲ್ಲಿ ನಾಲ್ಕು ಸೀಸೆಗಳ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದಳು.

"ದಾರದ್ದು ದೋಣಿಗೆ ಮಾತ್ರ. ಯಾರ್‍ಯಾರ ಲಾರಿಗೋ ಹಾಕಬ್ಯಾಡ" ಎಂದಿದ್ದಳು.

ಅಕ್ಕನ ಭಕ್ತಿಗೆ ಅವನು ನಕ್ಕು, ಹಾಗೆಯೇ ಮಾಡಿದ; ಎರಡು ಬ್ಯಾಟರಿಗೂ ಅದನ್ನೇ ಹಾಕಿದ.

ಭಾದ್ರಪದದಲ್ಲಿ ಮಳೆ ಬಿಡುವು ಕೊಟ್ಟಾಗ ದೋಣಿಯನ್ನು ನೀರಿಗಿಳಿಸಿದರು. ಕೀಲಿ ತಿರುವಿದ ಕೂಡಲೆ ಎಂಜಿನ್ನು ಹಿಡಿಯಿತು. ಧರ್ಮಪ್ಪ ದಂಡೆಯಲ್ಲಿ ಬಾಯಿ ತೆರೆದು ನಿಂತ. ಮೂರು ದಿನ ಬಿಟ್ಟು ಮತ್ತೆ ತಿರುವಿದರೆ 'ಟಕ್' ಎಂಬ ಒಂದು ಸದ್ದು, ಮತ್ತೇನೂ ಇಲ್ಲ. ಬ್ಯಾಟರಿ ಇಳಿದುಹೋಗಿತ್ತು.

ಕೆರಿಯಪ್ಪ ಬಲ್ಬು ತೆಗೆದ. ಹಳೆಯ ಗಾಡಿಯಲ್ಲಿ ಬ್ಯಾಟರಿ ಸುಮ್ಮನೆ ಇಳಿಯುತ್ತಿದ್ದರೆ ಎಲ್ಲೋ ವಯರು ಸೋರುತ್ತಿರಬೇಕು. ಒದ್ದೆ ಕಟ್ಟಿಗೆಯಂತಿದ್ದ ಹಳೆಯ ವಯರುಗಳನ್ನೆಲ್ಲ ಕಿತ್ತು ಹೊಸದು ಎಳೆದ. ಬ್ಯಾಟರಿ ಚಾರ್ಜು ಮಾಡಿ ಕಟ್ಟಿದ. ಮೂರನೆಯ ದಿನ ಮತ್ತೆ 'ಟಕ್'. ಸೆಲ್ಫನ್ನು ಬಿಚ್ಚಿ ಬ್ರಷ್ಷು ಬದಲಿಸಿದ. ಅರ್ಥಿಂಗ್ ವಯರು ಕೂರುವ ಜಾಗವನ್ನು ಕೆರೆದು ಹೊಳಪು ಮಾಡಿದ. ಮತ್ತೆ ಅದೇ ಕಥೆ. ಬ್ಯಾಟರಿಯದೇ ದೋಷವೇನೋ ಎಂದು ಎರಡನೆಯದನ್ನು ಹಾಕಿ ನೋಡಿದ. ಅದೂ ನಾಲ್ಕು ದಿನಕ್ಕೆ ಮಲಗಿತು. ಎರಡು ಹೊಸ ಬ್ಯಾಟರಿಗಳು ಒಟ್ಟಿಗೆ ಕೆಡುವುದುಂಟೆ? ಇಲ್ಲ, ಹಾಗಾದರೆ ತಪ್ಪು ದೋಣಿಯಲ್ಲಿಯೇ ಇದೆ. ಹೀಗೆಂದು ಮನಸ್ಸನ್ನು ಗಟ್ಟಿ ಮಾಡಿಕೊಂಡು ಅವನು ತಿರುಗಿ ದೋಣಿಯನ್ನೇ ಹಿಡಿದ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅವನು ಮಾಡಿದ ದೊಡ್ಡ ತಪ್ಪು ಇದೇ.

ಹಬ್ಬಕ್ಕೆ ಆರು ದಿನವಿರುವಾಗ ಕೀಲಿಯ ಗೂಡನ್ನು ಬಿಚ್ಚಿದ. ಒಳಗೆ ಹಸುರು ಹಿಡಿದಿತ್ತು. "ಸಿಕ್ಕಿದ ಕಳ್ಳ!" ಎಂದು ಕೂಗಿದ. ಜೀಪಿನ ಕೀಲಿಯ ಗೂಡೊಂದನ್ನು ಜೋಡಿಸಿ ಒಂದು ಸುತ್ತು ಹೊಡೆದು ಬಂದ. ಹಬ್ಬದ ಹಿಂದಿನ ದಿನವೆಲ್ಲ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದ. ಇನ್ನೊಂದು ಬ್ಯಾಟರಿಯನ್ನು ಅಂಗಡಿಯ ಮಣೆಯ ಮೇಲೆಯೇ ಬಿಟ್ಟ. ಮೂರು ಜನರ ಭಾರವೇ ಆ ದೋಣಿಗೆ ಹೆಚ್ಚು, ಅದನ್ನೂ ಹೊರುವುದೇಕೆ?

ಮುಂಜಾವಿನಲ್ಲಿ ಮೂವರೂ ದೋಣಿ ಹತ್ತಿದರು. ಹೂವಮ್ಮ ಕಾಲು ಮಡಚಿ ಹಿಂದೆ ಕೂತಳು. ಶೇಷಮ್ಮ ತಮ್ಮನ ಪಕ್ಕದಲ್ಲಿ, ಕಂಬಳಿ ಹೊದ್ದು, ಚಿತ್ತಾರದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೀಲಿ ತಿರುವಿದೊಡನೆ ದೋಣಿ ಹೊರಟಿತು. ಹುಣ್ಣಿಮೆಯ ಬೆಳಕು ನೀರಿನ ಮೇಲೆ ಇನ್ನೂ ಇತ್ತು. ಅಕ್ಕನ ಮುಖವನ್ನು ಓರೆಯಾಗಿ ನೋಡಿದಾಗ ಅವಳು ನಗುತ್ತಿದ್ದಳು.

"ಎಂತ ಅಕ್ಕ?"

"ದುಗ್ಗಣ್ಣ ಇದ್ದಿದ್ರೆ ಬೈತಿದ್ದ. ಇಷ್ಟು ಗದ್ದಲ ಮಾಡ್ಕಂಡು ಬಸುರಿ ಮನೆಗೆ ಹೋಗ್ತಾರೇನೋ ಅಂತ."

ಮುಕ್ಕಾಲು ದಾರಿ ಹೋದ ಮೇಲೆ ನೀರಿನಿಂದ ಮಂಜು ಏಳತೊಡಗಿತು. ಗುಡ್ಡಗಳು ಒಂದೊಂದಾಗಿ ಮರೆಯಾದವು. ಶೇಷಮ್ಮ ಕೈಯೆತ್ತಿದಳು. "ನಿಲ್ಸು, ನಿಲ್ಸು. ಈ ಓಟದಲ್ಲಿ ನಂಗೆ ಗುರ್ತೇ ಹತ್ತಲ್ಲ. ಬೊಡ್ಡೆ ಇಲ್ಲೇ ಎಲ್ಲೋ ಇರ್ಬೇಕು. ಸದ್ದು ನಿಂತ್ರೆ ಹೊಳೆಯ ಹಳೇ ಹರಿವು ಯಾವ ಕಡೆ ಅಂತ ಗೊತ್ತಾಗ್ತದೆ."

ಎಂಜಿನ್ನನ್ನು ಮೆಲ್ಲಗೆ ಉರಿಯಬಿಟ್ಟು ನಿಲ್ಲಬಹುದಾಗಿತ್ತು. ಒಂದು ಗಳಿಗೆ ಕೆರಿಯಪ್ಪನ ಕೈ ತಡೆಯಿತು. ಆದರೆ ಕಳ್ಳನನ್ನು ಹಿಡಿದಾಗಿದೆಯಲ್ಲ ಎಂಬ ಧೈರ್ಯ. ಕೀಲಿ ತಿರುವಿ ಆರಿಸಿದ.

ಎಲ್ಲವೂ ನಿಶ್ಶಬ್ದವಾಯಿತು. ಶೇಷಮ್ಮ ಕಿವಿಗೊಟ್ಟು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಬೆರಳು ಚಾಚಿ, "ಹಾಂ, ಹತ್ರ ಬಂದೀವಿ. ಅಲ್ಲಿ, ಮುಂದೆ. ಮಂಜು ಹರಿದ್ರೆ ಎರಡು ನೆತ್ತಿ ಕಾಣ್ತವೆ. ಮೆಲ್ಲಕೆ ಬಿಡು" ಎಂದಳು.

ಕೆರಿಯಪ್ಪ ಕೀಲಿ ತಿರುವಿದ. 'ಟಕ್.'

ಮತ್ತೆ ತಿರುವಿದ. 'ಟಕ್.' ಮೂರನೆಯ ಸಲ ಆ ಸದ್ದೂ ಬರಲಿಲ್ಲ. ಕೆಳಗೆ ಬಾಗಿ ಬ್ಯಾಟರಿಯ ಮೊಳೆಗಳನ್ನು ತಿಕ್ಕಿದ, ಬಲ್ಬು ತಾಗಿಸಿದ. ಅದರೊಳಗಿನ ತಂತಿ ಕೆಂಡದ ಚೂರಿನಂತೆ ಕೆಂಪಾಗಿ ಮಂಕಾಯಿತು. ಎಳೆಯುವುದಕ್ಕೆ ಹಗ್ಗದ ಗಾಲಿಯಿಲ್ಲ. ಹುಟ್ಟೆಂದು ತಂದದ್ದು ಅಡಕೆಯ ದಬ್ಬೆಯೊಂದೇ; ಅದರಿಂದ ಎಷ್ಟು ಬಗೆದರೂ ಅಗಲ ಹೊಟ್ಟೆಯ ಆ ದೋಣಿ ಇದ್ದಲ್ಲಿಯೇ ಗಿರಗಿರನೆ ತಿರುಗಿತು. ಮಂಜಿನೊಳಗೆ ಗಾಳಿ ಎದ್ದಿತು. ದೋಣಿ ಯಾವ ಕಡೆಗೆ ಸರಿಯುತ್ತಿದೆ ಎಂಬುದೂ ತಿಳಿಯದಾಯಿತು.

"ಬೆಳಕಾತು ತಮ್ಮಾ" ಎಂದಳು ಶೇಷಮ್ಮ.

ಮಂಜು ಕೆಂಪಗಾಗುತ್ತಿತ್ತು. ಇನ್ನು ತಡೆದರೆ ಸೂರ್ಯ ಮೇಲೆ ಬರುತ್ತಾನೆ. ಅವಳು ಬುಟ್ಟಿಯ ಮೇಲಿನ ಬಾಳೆಲೆ ಸರಿಸಿ, ಒಂದೊಂದು ಹಿಡಿಯನ್ನೇ ನೀರಿಗೆ ಬೀರಿದಳು. ಪ್ರತಿ ಹಿಡಿಗೂ ಏನೋ ಅನ್ನುತ್ತಿದ್ದಳು. ಉಬ್ಬಸದಲ್ಲಿ ಅದು ಕೇಳಿಸುತ್ತಿರಲಿಲ್ಲ. ಕೆರಿಯಪ್ಪ ಬಲ್ಬನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

ಮಂಜು ಹರಿದಾಗ ಅವರು ಮೈಲಿಯಾಚೆ, ಗುರುತಿಲ್ಲದ ಕಾಡಿನ ದಂಡೆಯೊಂದಕ್ಕೆ ತಾಗಿದ್ದರು. ಬಿಸಿಲೇರಿದ ಮೇಲೆ ಧರ್ಮಪ್ಪನೇ ಹುಡುಕಿಕೊಂಡು ಬಂದು ತನ್ನ ದೋಣಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದ. ದಾರಿಯುದ್ದಕ್ಕೂ ಒಂದು ಕೊಂಕು ಮಾತನ್ನೂ ಆಡಲಿಲ್ಲ. ಕೆರಿಯಪ್ಪನಿಗೆ ಅದೇ ಹೆಚ್ಚು ಚುಚ್ಚಿತು.

ಮಾರನೆಯ ದಿನ ಅಂಗಡಿ ತೆರೆದವನು ಮಣೆಯ ಮೇಲಿನ ಇನ್ನೊಂದು ಬ್ಯಾಟರಿಯನ್ನು ನೋಡಿದ. ಆರು ದಿನದ ಹಿಂದೆ ತುಂಬ ಚಾರ್ಜು ಮಾಡಿ ಇಟ್ಟದ್ದು. ಅದಕ್ಕೆ ವಯರಿಲ್ಲ, ಕೀಲಿಯಿಲ್ಲ, ದೋಣಿಯಿಲ್ಲ. ಬಲ್ಬು ತಾಗಿಸಿದ. ಉರಿಯಲಿಲ್ಲ.

ಅವನು ಮೆಲ್ಲನೆ ಮುರುಕು ಕುರ್ಚಿಯ ಮೇಲೆ ಕೂತ. ತಪ್ಪು ದೋಣಿಯಲ್ಲಿ ಇರಲೇ ಇಲ್ಲ. ಎರಡು ಬ್ಯಾಟರಿಗಳೂ ಒಳಗಿನಿಂದಲೇ ತಮ್ಮನ್ನು ತಾವು ತಿನ್ನುತ್ತಿದ್ದವು, ಪ್ರತಿ ಚಾರ್ಜಿನ ನಂತರವೂ ಇನ್ನಷ್ಟು ಬೇಗ ಇಳಿಯುತ್ತಿದ್ದವು. ಅದೇ ಕಂಪನಿಯ ಬ್ಯಾಟರಿಗಳನ್ನು ಆ ಮಳೆಗಾಲದಲ್ಲಿ ನಾಲ್ಕು ಲಾರಿಗಳಿಗೆ ಹಾಕಿಕೊಟ್ಟಿದ್ದ, ಒಂದೂ ಕೆಟ್ಟಿರಲಿಲ್ಲ. ಅವಕ್ಕೂ ಇವಕ್ಕೂ ಇದ್ದ ವ್ಯತ್ಯಾಸ ಒಂದೇ. ಗೋಡೆಯ ಗೂಡಿನಲ್ಲಿ ಕೆಂಪು ದಾರದ ಸೀಸೆಯೊಂದು ಅರ್ಧ ಉಳಿದಿತ್ತು. ಅದನ್ನು ಬೆಳಕಿಗೆ ಹಿಡಿದ. ನೀರು ತಿಳಿಯಾಗಿಯೇ ಇತ್ತು.

ಮಧ್ಯಾಹ್ನ ಊಟಕ್ಕೆ ಹೋದಾಗ, ಅಕ್ಕ ಒಳಗೆ ಮಲಗಿದ್ದಾಗ, ಹೂವಮ್ಮನನ್ನು ಹಿತ್ತಿಲಿಗೆ ಕರೆದು ಕೇಳಿದ. "ದಾರದ ಸೀಸೆ ನೀರು ಯಾವುದರಲ್ಲಿ ಹಿಡಿದದ್ದು? ಭರಣಿಯಲ್ಲೇ?"

"ಭರಣಿ ನೀರು ಬೇರೆ. ಇದನ್ನ ಅತ್ತಿಗೆ ತಾಮ್ರದ ಕೊಡದಲ್ಲಿ ಹಿಡಿದ್ರು" ಎಂದಳು ಹೂವಮ್ಮ. "ಉಪ್ಪಿನಕಾಯಿ ಮುಟ್ಟಿದ ಪಾತ್ರೆ ಭೂಮಿತಾಯಿ ಕೆಲಸಕ್ಕೆ ಆಗಲ್ಲ ಅಂತ. ದೇವರ ಕೊಡವನ್ನ ಹುಣಸೆಹಣ್ಣು ಹಾಕಿ ಎರಡು ದಿನ ತಿಕ್ಕಿದ್ರು. ಹದಿನೈದು ದಿನ ಅದರಲ್ಲೇ ಮುಚ್ಚಿಟ್ಟು, ದಿನಾ ಕುಂಕುಮ ಹಚ್ಚಿ… ಯಾಕೆ, ಎಂತ ಆತು?"

ವರ್ಕ್‌ಷಾಪಿನ ಮೇಸ್ತ್ರಿ ಮೊದಲ ದಿನವೇ ಹೇಳಿದ್ದ ಮಾತು ಅದು: ಬ್ಯಾಟರಿಯ ನೀರಿಗೆ ಗಾಜು, ಪಿಂಗಾಣಿ ಬಿಟ್ಟು ಬೇರೇನೂ ಸೋಕಬಾರದು, ತಾಮ್ರ ಸೋಕಿತೋ, ಬ್ಯಾಟರಿ ಕೂತಲ್ಲೇ ಸಾಯುತ್ತದೆ. ಕೆರಿಯಪ್ಪನಿಗೆ ಅದು ಗೊತ್ತಿತ್ತು. ಸೀಸೆಯಲ್ಲಿ ಬಂದ ನೀರು ಅದಕ್ಕೆ ಮೊದಲು ಎಲ್ಲಿತ್ತೆಂದು ಕೇಳುವುದೊಂದೇ ತೋರಲಿಲ್ಲ. ಎಲ್ಲ ಗಂಟಿಗೂ ಬಲ್ಬು ತಾಗಿಸುವವನು ಅಕ್ಕನ ಕೈಯಿಂದ ಬಂದದ್ದಕ್ಕೆ ತಾಗಿಸಿರಲಿಲ್ಲ.

"ಅಕ್ಕನಿಗೆ ಹೇಳಬ್ಯಾಡ" ಎಂದ.

ಹೂವಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮಂಜಿನಲ್ಲಿ ನೆನೆದದ್ದೋ, ಆಯುಸ್ಸೇ ಅಷ್ಟಿತ್ತೋ, ಶೇಷಮ್ಮ ಮತ್ತೆ ಸರಿಯಾಗಿ ಏಳಲಿಲ್ಲ. ಆಸ್ಪತ್ರೆಯ ಡಾಕ್ಟರು ಸೂಜಿ ಕೊಟ್ಟರು. ಉಬ್ಬಸ ತಗ್ಗಿತು, ಶಕ್ತಿ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಹಾಸಿಗೆಯಲ್ಲಿಯೇ ಒರಗಿ ಕೂತು ಕೇಳಿದಳು. "ದೋಣಿಗೆ ಎಂತ ಆಗಿತ್ತೋ? ಸಿಕ್ತಾ?"

"ಸಿಕ್ತು ಅಕ್ಕ. ಒಂದು ವಯರು ಒಳಗೇ ಕೊಳೆತಿತ್ತು. ಮೇಲಿಂದ ಕಾಣ್ತಿರಲಿಲ್ಲ."

"ಹಂಗಾರೆ ನೀರು ಚಲೋ ಇತ್ತಲ್ಲ?"

"ನೀರಿಗೆ ಎಂತ ಆಗ್ತದೆ? ಆ ನೀರಿಂದಲೇ ಅಲ್ಲೀವರೆಗಾದ್ರೂ ಓಡಿದ್ದು."

ಅವಳ ಮುಖ ತಿಳಿಯಾಯಿತು. "ಬರೋ ವರ್ಷಕ್ಕೂ ಹಿಡ್ಕೊಡ್ತೀನಿ" ಎಂದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಜಾಗದ ಗುರುತು ಹೇಳತೊಡಗಿದಳು. ದೊಡ್ಡ ಗುಡ್ಡದ ನೆತ್ತಿಯ ಹಿಂದೆ ಬೋಳು ಗುಡ್ಡ ಬರಬೇಕು, ಬೊಡ್ಡೆ ಎಡಕ್ಕೆ, ಅಲ್ಲಿಂದ ಬಿಸಿಲು ಹುಟ್ಟುವ ಕಡೆಗೆ ಒಂದು ಕೂಗಳತೆ. ಕೆರಿಯಪ್ಪ ಹೂಂ ಹೂಂ ಎಂದ. ಹಿನ್ನೀರಿನಲ್ಲಿ ಬೋಳು ಗುಡ್ಡಗಳು ಹತ್ತಿವೆ, ಬೊಡ್ಡೆಗಳು ಸಾವಿರವಿವೆ. ಕಣ್ಣಿನಿಂದ ತೋರಿಸಬೇಕಾದ್ದನ್ನು ಬಾಯಿಂದ ಹೇಳಲಾಗದೆ ಅವಳು ಮತ್ತೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. "ನೀ ಬಾ, ತೋರಿಸ್ತೀನಿ" ಎಂದಳು ಕೊನೆಗೆ. ಕಾರ್ತಿಕ ಮುಗಿಯುವ ಮೊದಲೇ ಹೋದಳು.

ಆಮೇಲೆ ಕೆರಿಯಪ್ಪ ಎರಡು ಬ್ಯಾಟರಿಗಳನ್ನೂ ಗುಜರಿಗೆ ಹಾಕಿದ. ಹೊಸದಕ್ಕೆ ಭರಣಿಯ ನೀರು ಸೇರಿಸಿದ. ಆ ದೋಣಿ ಮತ್ತೆ ಒಂದು ಸಲವೂ ಕೈಕೊಡಲಿಲ್ಲ. ತಿಂಗಳುಗಟ್ಟಲೆ ನಿಲ್ಲಿಸಿಟ್ಟು ಕೀಲಿ ತಿರುವಿದರೂ ಹಿಡಿಯುತ್ತಿತ್ತು. ಹಿನ್ನೀರಿನಾಚೆಯಿಂದ ಬಾಣಂತಿಯರನ್ನೂ ಜ್ವರದವರನ್ನೂ ಅದರಲ್ಲಿಯೇ ಕರೆತಂದ. ಜನ ಹೊಗಳಿದಾಗ ಬೇರೆಲ್ಲಿಯೋ ನೋಡುತ್ತಿದ್ದ.

ಎಂಬತ್ತಾರರ ಆಶ್ವಯುಜ ಹುಣ್ಣಿಮೆಗೆ ಹೂವಮ್ಮ ತಾನೇ ಬುಟ್ಟಿಗೆ ಚಿತ್ತಾರ ಬರೆದಳು. ಅತ್ತಿಗೆಯ ಗೆರೆಯ ನೇರ ಅವಳ ಕೈಗೆ ಬರಲಿಲ್ಲ. ಎರಡು ಸಲ ಅಳಿಸಿದಳು. ಮುಂಜಾವಿನಲ್ಲಿ ಇಬ್ಬರೂ ಹೊರಟರು. ಆ ದಿನ ಮಂಜಿರಲಿಲ್ಲ. ಗುಡ್ಡಗಳೆಲ್ಲ ನಿಚ್ಚಳವಾಗಿ ಕಾಣುತ್ತಿದ್ದವು. ಕೆರಿಯಪ್ಪ ಎಂಜಿನ್ನನ್ನು ಆರಿಸಿದ, ನೋಡಿದ, ಮತ್ತೆ ಹೊರಡಿಸಿದ. ದೊಡ್ಡ ಗುಡ್ಡದ ಹಿಂದೆ ಒಂದು ಬೋಳು ನೆತ್ತಿಯನ್ನು ತಂದ. ಬೊಡ್ಡೆ ಬಲಕ್ಕೆ ಬಂತು. ಬೊಡ್ಡೆಯನ್ನು ಎಡಕ್ಕೆ ಮಾಡಿದರೆ ನೆತ್ತಿ ತಪ್ಪಿತು. ಏಳೆಂಟು ಸಲ ಕೀಲಿ ತಿರುವಿದ. ಪ್ರತಿ ಸಲವೂ ಎಂಜಿನ್ನು ಹಿಡಿಯಿತು.

"ಇಲ್ಲೇನ್ರಿ?" ಎಂದು ಹೂವಮ್ಮ ಕೇಳಿದಳು.

"ಗೊತ್ತಿಲ್ಲ."

"ಅಲ್ಲಿ ಇರ್ಬಹುದಾ?"

"ಗೊತ್ತಿಲ್ಲ ಹೂವೀ" ಎಂದ.

ಪೂರ್ವ ಬಿಳುಪೇರುತ್ತಿತ್ತು. ಹೂವಮ್ಮ ಬುಟ್ಟಿಯ ಎಲೆ ಸರಿಸಿ ಗಂಡನ ಮುಖ ನೋಡಿದಳು. ಅವನು ದೋಣಿಯನ್ನು ನಿಧಾನಕ್ಕೆ ದೊಡ್ಡದೊಂದು ಸುತ್ತಿಗೆ ಬಿಟ್ಟ. ಎಲ್ಲಿಯಾದರೂ ಒಂದು ಹಿಡಿ ಸರಿಯಾದ ಜಾಗಕ್ಕೆ ಬಿದ್ದೀತೆಂದು ಅವಳು ಸುತ್ತಿನುದ್ದಕ್ಕೂ ಸ್ವಲ್ಪ ಸ್ವಲ್ಪವೇ ಚರಗ ಬೀರುತ್ತ ಬಂದಳು. ಸುತ್ತು ಮುಗಿಯುವ ಮೊದಲೇ ಬುಟ್ಟಿ ಬರಿದಾಯಿತು. ಅವನು ಮಾತ್ರ ದೋಣಿಯನ್ನು ಮನೆಯ ಕಡೆಗೆ ತಿರುಗಿಸದೆ, ಬಿಸಿಲು ನೀರಿಗೆ ಇಳಿಯುವ ತನಕ, ಅದೇ ಸುತ್ತಿನಲ್ಲಿ ಹೋಗುತ್ತಲೇ ಇದ್ದ.